ನಮ್ಮನೆಯವರ ಕೂದಲು

ನಮ್ಮನೆಯವರದು ಗುಂಗುರು ಕೂದಲು ಎಂಬುದು ನನಗೆ ತಿಳಿದದ್ದು ನನ್ನ ತಲೆ ನರೆತ ಮೇಲೆ. ಅಲ್ಲಿಯವರೆಗೆ ಅವರ ತಲೆಯನ್ನು ನಾನು ಬೋಳಾಗಿ ಅಲ್ಲದೆ ಬೇರೆ ಥರ ನೋಡಿದವಳೇ ಅಲ್ಲ. ಮದುವೆಯ ದಿನ ಪೇಟ ತೆಗೆದಾಗಲೂ ತಲೆ ಈಗತಾನೇ ಬೆಳಗಿದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ನಮ್ಮವ್ವ ನನ್ನ ಕಿವಿಯಲ್ಲಿ, "ಗಂಡು ಒಳ್ಳೇದೇ ಇರ್ಬೋದು ಹಾಲಮ್ಮ, ಆದ್ರೆ ಒಳಗೇನಿದೆ ಅಂತ ಹೇಳೋಕೆ ಬರಲ್ಲ" ಎಂದಿದ್ದಳು.

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಮ್ಮ ಊರಿನಲ್ಲಿ ಯಾರೇ ಆಗಲಿ ಬಲಗೈ ಎತ್ತಬೇಕೆಂದು ಮನಸ್ಸು ಮಾಡಿದರೆ, ಕೈ ಏಳುವುದಕ್ಕೆ ಸ್ವಲ್ಪ ಮೊದಲೇ ತಲೆಯ ಎಡಭಾಗದ ಕೂದಲು ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ಎಡಗೈಯಾದರೆ ಬಲಭಾಗ. ಕಾಲು ಕಿತ್ತಿಡಬೇಕೆಂದರೆ ನೆತ್ತಿ. ಆದ್ದರಿಂದ ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವ ನಡತೆಯೆಂದರೆ ಇನ್ನೊಬ್ಬರ ಕೈಗೆ ಉತ್ತರ ಕೊಡಬೇಕೇ ಹೊರತು ಕೂದಲಿಗೆ ಕೊಡಬಾರದು ಎಂಬುದು. ಮನೆಗೆ ಬಂದ ನೆಂಟರಿಗೆ ಎದ್ದು ಹೋಗುವ ಮನಸ್ಸಾಗಿದೆ ಎಂದು ಅವರ ನೆತ್ತಿ ಹೇಳಿದರೂ ನಾವು ಕಾಣದವರ ಹಾಗೆ ಮಾತು ಮುಂದುವರಿಸುತ್ತೇವೆ. ಅವರು ಎದ್ದು ನಿಂತ ಮೇಲೆಯೇ "ಅಯ್ಯೋ, ಇಷ್ಟು ಬೇಗ ಹೊರಟ್ರಾ" ಎನ್ನುತ್ತೇವೆ. "ಸಾಕು, ಹೊಟ್ಟೆ ತುಂಬಿದೆ" ಎನ್ನುವವರ ತಲೆ ಹೋಳಿಗೆ ತಟ್ಟೆ ಹತ್ತಿರ ಬಂದಾಗ ಏನು ಮಾಡುತ್ತದೆ ಎಂಬುದನ್ನು ನೋಡಿಯೂ ನಗದೆ ಬಡಿಸುವವಳನ್ನು ನಮ್ಮ ಊರಿನಲ್ಲಿ ದೊಡ್ಡ ಮನೆತನದವಳು ಎನ್ನುತ್ತಾರೆ. ಕಬಡ್ಡಿ ಆಡುವವರು ಹರಳೆಣ್ಣೆ ಮೆತ್ತಿ ಕೂದಲನ್ನು ಅಂಟಿಸಿಕೊಂಡು ಅಂಕಣಕ್ಕೆ ಇಳಿಯುತ್ತಾರೆ. ಇಸ್ಪೀಟು ಆಡುವವರು ಕಡುಬೇಸಿಗೆಯ ಮಧ್ಯಾಹ್ನದಲ್ಲೂ ದಪ್ಪ ಟೊಪ್ಪಿಗೆ ಹಾಕಿಕೊಂಡು ಬೆವರುತ್ತಾ ಕೂತಿರುತ್ತಾರೆ. ಆ ಟೊಪ್ಪಿಗೆ ಹೊಲಿಯುವವಳು ನಾನೇ. ಊರಿನ ಅರ್ಧ ಗುಟ್ಟು ನನ್ನ ಹೊಲಿಗೆಯ ಕೆಳಗಿದೆ ಎಂದು ನಾನು ತಮಾಷೆ ಮಾಡುವುದುಂಟು.

ಟೊಪ್ಪಿಗೆಯನ್ನೂ ನಂಬದವರು ತಲೆ ಬೋಳಿಸಿಕೊಳ್ಳುತ್ತಾರೆ. ನಮ್ಮನೆಯವರು, ಅಂದರೆ ಓಂಕಾರಪ್ಪನವರು, ಶೇಂಗಾ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಸುತ್ತ ನಿಂತ ವ್ಯಾಪಾರಿಗಳ ತಲೆ ನೋಡಿ ಯಾರು ಮುಂದೆ ಕೈ ಎತ್ತುತ್ತಾರೆ ಎಂದು ತಿಳಿದುಕೊಳ್ಳಬೇಕು, ತನ್ನ ತಲೆ ಮಾತ್ರ ಯಾರಿಗೂ ಏನೂ ಹೇಳಬಾರದು. ಆ ಕೆಲಸಕ್ಕೆ ಹೇಳಿ ಮಾಡಿಸಿದ ಮನುಷ್ಯ. ಮಂಡಿಯಲ್ಲಿ ಕೂಗಿದರೆ ಬಸ್ ಸ್ಟ್ಯಾಂಡಿನವರೆಗೆ ಕೇಳುವ ಗಂಟಲು. ಮನೆಗೆ ಬಂದರೆ "ಹೂಂ", "ಆಗ್ಲಿ", "ನೋಡೋಣ". ನಾನು ಉಪ್ಪಿಟ್ಟು ಮಾಡಿದರೆ ಉಪ್ಪಿಟ್ಟು ತಿಂದರು, ಮಂಡಕ್ಕಿ ಕೊಟ್ಟರೆ ಮಂಡಕ್ಕಿ ತಿಂದರು. ಹೊಸ ಸೀರೆ ಉಟ್ಟು ಎದುರಿಗೆ ನಿಂತು "ಹೇಗಿದೆ" ಎಂದರೆ "ಹೂಂ". ಅಕ್ಕಪಕ್ಕದ ಹೆಂಗಸರು ಗಂಡಂದಿರ ತಲೆ ನೋಡಿ ಸಂಸಾರ ಮಾಡುತ್ತಿದ್ದರೆ ನಾನು ಗೋಡೆ ನೋಡಿ ಮಾಡಿದೆ. ಜಗಳವೇನೂ ಇರಲಿಲ್ಲ. ಆದರೆ ಜಗಳ ಏಕಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅವರಿಗೆ ಲಕ್ವ ಹೊಡೆದದ್ದು ಮಂಡಿಯಲ್ಲೇ. ಒಂದು ರಾಶಿಗೆ "ಎರಡನೇ ಸಲ" ಎಂದು ಕೂಗಿದವರು ಮೂರನೇದನ್ನು ಕೂಗದೆ ಮೂಟೆಗಳ ಮೇಲೆ ಕುಸಿದರಂತೆ. ಜೀವ ಉಳಿಯಿತು. ಮಾತು ಹೋಯಿತು, ಕೈಕಾಲು ಹೋದವು. ಕಣ್ಣು ತೆರೆದಿರುತ್ತಿತ್ತು, ಆದರೆ ಎತ್ತ ನೋಡುತ್ತಿದೆ ಎಂದು ಹೇಳಲು ಬರುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಬೋಳುತಲೆಯನ್ನು ನೋಡಿ ನಿಟ್ಟುಸಿರು ಬಿಟ್ಟರು. "ಒಳಗೆ ಅರಿವಿದೆಯೋ ಇಲ್ಲವೋ ಹೇಗಮ್ಮಾ ಹೇಳಲಿ? ಕೂದಲು ಬರಲಿ, ನೋಡೋಣ" ಎಂದರು.

ಹೀಗೆ ನಾವು ಕೂದಲಿಗೆ ಕಾಯತೊಡಗಿದೆವು. ಬೀದಿಯವರೆಲ್ಲ ಕಾದರು. ಒಬ್ಬಳು ದಾಸವಾಳದ ಎಲೆ ಅರೆದು ತಂದಳು, ಇನ್ನೊಬ್ಬಳು ಈರುಳ್ಳಿ ರಸ ಹಿಂಡಿ ತಂದಳು. ಮಂಡಿಯಲ್ಲಿ ಸಿಂಹದ ಹಾಗೆ ಇದ್ದ ಮನುಷ್ಯನ ತಲೆ ಬಜ್ಜಿ ಅಂಗಡಿಯ ವಾಸನೆ ಹೊಡೆಯುತ್ತಿತ್ತು. ನನ್ನ ಮೈದುನ ಕೊಟ್ರೇಶಿ ದಿನಾ ಬಂದು ಅಣ್ಣನ ತಲೆಯನ್ನು ಮೊಳಕೆ ಬಂದಿದೆಯೇ ಎಂದು ಮಡಿ ನೋಡುವವನ ಹಾಗೆ ಬಗ್ಗಿ ನೋಡಿ ಹೋಗುತ್ತಿದ್ದ. ಕೆಟ್ಟವನಲ್ಲ ಅವನು. ಆದರೆ ಯಾವುದನ್ನೂ ಅರ್ಧಕ್ಕೆ ಬಿಟ್ಟಿರಲಾರದ ಮನುಷ್ಯ.

"ಅತ್ತಿಗೆ, ಪಕ್ಕದ ಊರಲ್ಲಿ ಇಂಥವರನ್ನ ನೋಡ್ಕೊಳ್ಳೋ ಮನೆ ಇದೆ. ಚೆನ್ನಾಗಿ ನೋಡ್ತಾರಂತೆ. ನಿಮ್ಮ ಹೊಲಿಗೆ ನಿಂತುಹೋಗಿದೆ, ನೀವೂ ಅರ್ಧ ಆಗಿದೀರಿ. ಅಣ್ಣ ಒಳಗಿದ್ದಿದ್ರೆ ಬೇರೆ ಮಾತು."

"ಒಳಗಿಲ್ಲ ಅಂತ ನಿಂಗೆ ಯಾರು ಹೇಳಿದ್ರು?"

"ಇದ್ದಾನೆ ಅಂತಾನೂ ಯಾರೂ ಹೇಳಿಲ್ವಲ್ಲ. ಕೂದಲು ಬಂದಮೇಲೂ ಏನೂ ಕಾಣ್ದಿದ್ರೆ ಆಗ್ಲಾದ್ರೂ ನನ್ನ ಮಾತು ಕೇಳಿ."

ಆಗಲಿ ಎಂದೆ. ಬೇರೆ ಏನು ಹೇಳಲಿ? ನನಗೂ ಗೊತ್ತಿರಲಿಲ್ಲ. ಅವರು ನೆಟ್ಟಗಿದ್ದಾಗಲೇ ಒಳಗಿದ್ದಾರೋ ಇಲ್ಲವೋ ಎಂದು ನನಗೆ ಎಷ್ಟೋ ಸಲ ಅನುಮಾನವಾಗಿತ್ತು.

ಕೂದಲು ಬಂತು. ಮೊದಲು ಬೂದಿ ಚೆಲ್ಲಿದ ಹಾಗೆ, ಆಮೇಲೆ ಗಿಡ್ಡ ಬ್ರಷ್ಷಿನ ಹಾಗೆ, ಕೊನೆಗೆ ಕಿವಿಯ ಹಿಂದೆ ಮತ್ತು ಹಣೆಯ ಮೇಲೆ ಸುರುಳಿ ಸುರುಳಿಯಾಗಿ. ಇಷ್ಟು ಚಂದದ ಕೂದಲನ್ನು ಈ ಮನುಷ್ಯ ಪ್ರತಿ ವಾರ ಕ್ಷೌರದಂಗಡಿಯ ನೆಲಕ್ಕೆ ಬೀಳಿಸಿ ಬಂದರಲ್ಲ ಎಂದು ನನಗೆ ಸಿಟ್ಟೂ ಬಂತು, ನಗುವೂ ಬಂತು. ಆದರೆ ಅದು ಅಲುಗಾಡಲಿಲ್ಲ. "ರೀ, ಕೈ ಎತ್ತಿ" ಎಂದೆ, ಇಲ್ಲ. "ಕಾಲು ಆಡಿಸಿ" ಎಂದೆ, ಇಲ್ಲ. ಡಾಕ್ಟರು ಬಂದು ಅದನ್ನೇ ಕೇಳಿ ಅದೇ ಮೌನ ಪಡೆದು ಹೋದರು. ಕೊಟ್ರೇಶಿ ಮತ್ತೆ ಪಕ್ಕದ ಊರಿನ ಮಾತೆತ್ತಿದ. ಆಗಲಿ ಎಂದ ನನ್ನ ಮಾತು ನೆನಪಾಗಿ ನನಗೆ ಭಯವಾಯಿತು.

ಒಂದು ಬೆಳಿಗ್ಗೆ ಅವರಿಗೆ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ ಒಂದು ನೊಣ ಬಂದು ಮೂಗಿನ ತುದಿಯ ಮೇಲೆ ಕೂತಿತು. ಓಡಿಸಲೆಂದು ಸೆರಗು ಎತ್ತಿದವಳು ಹಾಗೇ ನಿಂತೆ. ಎಡಗಿವಿಯ ಮೇಲಿನ ಸುರುಳಿಗಳು ಮೆಲ್ಲಗೆ ಎದ್ದವು. ಬಿದ್ದವು. ನೊಣ ಮೂಗಿನ ಮೇಲೆ ನಾಲ್ಕು ಹೆಜ್ಜೆ ನಡೆಯಿತು. ಸುರುಳಿಗಳು ಮತ್ತೆ ಎದ್ದವು, ಈ ಸಲ ಇನ್ನೂ ಜೋರಾಗಿ. ನಾನು ನೊಣ ಓಡಿಸಲಿಲ್ಲ. ಹೊರಗೆ ಓಡಿ ಕೊಟ್ರೇಶಿಯನ್ನು ಕೂಗಿದೆ, ಎದುರುಮನೆಯವರನ್ನು ಕೂಗಿದೆ. ಎಲ್ಲರೂ ಬಂದು ಮಂಚದ ಸುತ್ತ ನಿಂತರು. ನೊಣವೂ ಪುಣ್ಯಾತ್ಮ, ಹಾರಿಹೋಗಲಿಲ್ಲ. ಒಳಗೊಬ್ಬ ಮನುಷ್ಯ ಬಲಗೈ ಎತ್ತಿ ನೊಣ ಹೊಡೆಯಲು ಒದ್ದಾಡುತ್ತಿದ್ದ, ಹೊರಗೆ ಅರ್ಧ ಬೀದಿ ನಿಂತು ಆ ನೊಣ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಉಸಿರು ಹಿಡಿದಿತ್ತು. ಕೊನೆಗೆ ಕೊಟ್ರೇಶಿಯೇ ಕಣ್ಣೊರೆಸಿಕೊಳ್ಳುತ್ತಾ, "ಅಣ್ಣ ಬೈತಾ ಇದಾನೆ ಅತ್ತಿಗೆ, ಓಡಿಸಿ ಅದನ್ನ" ಎಂದ. ಅವತ್ತಿನಿಂದ ಪಕ್ಕದ ಊರಿನ ಮಾತು ನಿಂತಿತು.

ಡಾಕ್ಟರು ಕಳಿಸಿದರೆಂದು ಮೇದಿನಿ ಎಂಬ ಹುಡುಗಿ ಮನೆಗೆ ಬಂದದ್ದು ಆಮೇಲೆ. ಕೈಕಾಲು ಬಾರದವರಿಗೆ ಯಂತ್ರ ಮಾಡಿಕೊಡುವ ವಿದ್ಯೆ ಓದಿದವಳು, ದೂರದ ಊರಿನವಳು. ಅಲ್ಲಿ ಯಾರ ಕೂದಲೂ ಏಳುವುದಿಲ್ಲವಂತೆ. ರೋಗಿಯ ತಲೆಗೆ ಅಂಟು ಹಚ್ಚಿ, ತಂತಿ ಜೋಡಿಸಿ, ಮಿದುಳಿನ ಒಳಗಿನ ಸಣ್ಣ ಮಿಂಚನ್ನು ಹಿಡಿದು, ಅದರಲ್ಲಿ ಯಾವುದು ಕೈ ಎತ್ತುವ ಮನಸ್ಸು, ಯಾವುದು ಬರೀ ಕಣ್ಣು ಮಿಟುಕಿಸಿದ್ದು ಎಂದು ಆರಿಸಬೇಕಂತೆ. "ಅದರಲ್ಲಿ ಅರ್ಧ ತಪ್ಪೇ ಬರುತ್ತೆ ಅಮ್ಮಾ. ಇಲ್ಲಿ ನೋಡಿದ್ರೆ ನೀವೆಲ್ಲ ತಲೆ ಮೇಲೇ ಬರ್ಕೊಂಡು ಓಡಾಡ್ತೀರಿ" ಎಂದು ಹೊಟ್ಟೆ ಉರಿಸಿಕೊಂಡಳು. ನಮ್ಮ ಊರಿನ ನೀರು ಕುಡಿದು ಅವಳ ಕೂದಲೂ ಏಳತೊಡಗಿತ್ತು. ಅದು ಅವಳಿಗೆ ಗೊತ್ತಾದದ್ದು ನಮ್ಮ ಮನೆಯಲ್ಲಿ, ಎರಡನೇ ದೋಸೆ ಬೇಡವೆಂದು ಹೇಳುತ್ತಿದ್ದಾಗ. ನಾನು ದೊಡ್ಡ ಮನೆತನದವಳ ಹಾಗೆ ನಗದೆ ಬಡಿಸಿದೆ.

ಅವಳು ಗಾಲಿಕುರ್ಚಿಗೆ ಒಂದು ಯಂತ್ರದ ಕೈ ಬಿಗಿದಳು. ತಲೆಗೆ ಬಲೆಯಂಥ ಒಂದು ಟೊಪ್ಪಿಗೆ ಬೇಕಿತ್ತು. ಅದರ ಎಳೆಗಳಿಗೆ ಕೂದಲು ತಾಗಿದರೆ ಕೈಗೆ ಸುದ್ದಿ ಹೋಗಬೇಕು. ಅವಳ ಅಳತೆಯಂತೆ ನಾನು ಹೆಣೆದುಕೊಟ್ಟೆ. ಆಮೇಲೆ ಪಾಠ. ಮೇದಿನಿ ಎದುರಿಗೆ ಕೂತು, "ಅಪ್ಪಾಜಿ, ಬಲಗೈ ಎತ್ತಬೇಕು ಅಂತ ಮನಸ್ಸು ಮಾಡಿ... ಈಗ ಬಿಡಿ, ಸುಮ್ನಿರಿ... ಮತ್ತೆ ಮಾಡಿ" ಎನ್ನುವಳು. ಯಂತ್ರ ಅವರ ಕೂದಲನ್ನು ಕಲಿಯಬೇಕು, ಅವರು ಯಂತ್ರವನ್ನು ಕಲಿಯಬೇಕು. ಮೊದಮೊದಲು ಫ್ಯಾನಿನ ಗಾಳಿಗೂ ಕೈ ಎದ್ದು ಸಲಾಮು ಹೊಡೆಯುತ್ತಿತ್ತು. ನಾನು ಫ್ಯಾನು ಆರಿಸಿ ಬೀಸಣಿಗೆ ಹಿಡಿದರೆ ಅದಕ್ಕೂ ಸಲಾಮು. ಬರಬರುತ್ತಾ ಗಾಳಿ ಯಾವುದು ಗಂಡ ಯಾವುದು ಎಂದು ಅದಕ್ಕೆ ತಿಳಿಯಿತು. ಒಂದು ದಿನ ಕೈ ನೆಟ್ಟಗೆ ಹೋಗಿ ಅವರ ಮೂಗನ್ನು ಕೆರೆಯಿತು. ಬಹಳ ಹೊತ್ತು ಕೆರೆಯಿತು. ಅವರ ಕಣ್ಣಿನಲ್ಲಿ ಅಂಥ ಸುಖವನ್ನು ನಾನು ಕಂಡಿರಲಿಲ್ಲ.

ಮಾರನೇ ದಿನ ಉಪ್ಪಿಟ್ಟು ಮಾಡಿ ಮೆದುವಾಗಿ ಕಲಸಿ ತಟ್ಟೆಯನ್ನು ಮುಂದೆ ಇಟ್ಟೆ. ಕೈ ಬಂತು, ತಟ್ಟೆಯನ್ನು ಮೆಲ್ಲಗೆ ಆಚೆಗೆ ತಳ್ಳಿತು.

"ಹಸಿವಿಲ್ವಾ?" ಎಂದು ಮತ್ತೆ ಹತ್ತಿರ ಇಟ್ಟೆ. ಮತ್ತೆ ತಳ್ಳಿತು. ಬಾಳೆಹಣ್ಣು ಇಟ್ಟೆ, ಅದನ್ನು ಹಿಡಿದುಕೊಂಡಿತು.

"ಅಂದ್ರೆ ಇಷ್ಟು ವರ್ಷ ತಿಂದಿದ್ದು ಏನು ಮತ್ತೆ?" ಎಂದೆ. ನನಗೆ ಸ್ವಲ್ಪ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಮುಚ್ಚಿದ ಬಾಗಿಲಿನ ಆಚೆ ಯಾರೋ ಕೆಮ್ಮಿದ್ದು ಕೇಳಿದ ಹಾಗೆ ಆಯಿತು.

ಆಮೇಲೆ ದಿನಕ್ಕೊಂದು. ನಾನು ಇಷ್ಟಪಟ್ಟು ಕೇಳುವ ರೇಡಿಯೋ ನಾಟಕವನ್ನು ಕೈ ಅರ್ಧದಲ್ಲೇ ಆರಿಸಿತು. ನನ್ನ ಅಕ್ಕ ಬಂದು ತನ್ನ ಮಂಡಿನೋವಿನ ಕಥೆ ಶುರುಮಾಡಿದರೆ ಕೈ ಹೋಗಿ ನಮ್ಮನೆಯವರ ಕಿವಿಯನ್ನು ಮುಚ್ಚಿತು. ಕೊಟ್ರೇಶಿ ಉಪದೇಶಕ್ಕೆ ಇಳಿದರೆ ಬೆರಳು ಬಾಗಿಲನ್ನು ತೋರಿಸಿತು. ಕೊಟ್ರೇಶಿ ಬಿದ್ದು ಬಿದ್ದು ನಕ್ಕು, ತನ್ನ ಗೆಳೆಯರನ್ನೂ ಬೈಸಿಕೊಳ್ಳಲು ಕರೆತಂದ. ಕೈ ಏನು ಮಾಡುತ್ತದೆ ನೋಡೋಣವೆಂದು ಬೀದಿಯವರು ಸಂಜೆ ಸಂಜೆ ಬರತೊಡಗಿದರು. ನಾನೂ ಅವರ ಜೊತೆ ಕೂತು ನಕ್ಕೆ. ಬೇಕೆಂದೇ ಒಂದು ದಿನ ಮತ್ತೆ ಉಪ್ಪಿಟ್ಟು ಮಾಡಿ ಇಟ್ಟು ಎಲ್ಲರಿಗೂ ತೋರಿಸಿದೆ.

ಹೀಗಿರುವಾಗ ಮಂಡಿಯವರು ಅವರಿಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿ ನಮ್ಮ ಅಂಗಳಕ್ಕೇ ಬಂದರು. ಅಧ್ಯಕ್ಷ ಗುರುಸಿದ್ದಪ್ಪನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಪಕ್ಕದಲ್ಲೇ ನಿಂತು ಮಾತಿಗೆ ಶುರು ಮಾಡಿದರು. ಮೂಟೆ ಹೊರುತ್ತಿದ್ದ ನಮ್ಮನೆಯವರ ಗಂಟಲು ಗುರುತಿಸಿ ಹರಾಜು ಕೂಗಲು ನಿಲ್ಲಿಸಿದವರು ಅವರೇ. ನಮ್ಮನೆಯವರು ಅವರ ಎದುರಿಗೆ ಕುರ್ಚಿಯಲ್ಲಿ ಕೂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಆದರೆ ಗುರುಸಿದ್ದಪ್ಪನವರಿಗೆ ಮಾತು ನಿಲ್ಲಿಸುವುದು ಬರುವುದಿಲ್ಲ. ಓಂಕಾರಪ್ಪನಿಂದ ಹೊರಟ ಭಾಷಣ ಮಂಡಿಗೆ ಹೋಗಿ, ಮಂಡಿಯಿಂದ ತಮ್ಮ ತಂದೆಗೆ ಹೋಗಿ, ತಮ್ಮ ಹರ್ನಿಯಾ ಆಪರೇಷನ್ನಿಗೆ ಬಂದು ನಿಂತಿತು. ಆಗ ಯಂತ್ರದ ಕೈ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು, ಸಿಪ್ಪೆ ಸಮೇತ, ಅಧ್ಯಕ್ಷರ ತೆರೆದ ಬಾಯಿಗೆ ಇಟ್ಟಿತು.

ಅಂಗಳ ಹೇಗೆ ನಕ್ಕಿತೆಂದರೆ ಮಾಡಿನ ಪಾರಿವಾಳಗಳು ಹಾರಿಹೋದವು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರ ಹೆಂಡತಿ. ಗುರುಸಿದ್ದಪ್ಪನವರು ಬಾಳೆಹಣ್ಣನ್ನು ಕೈಗೆ ತೆಗೆದುಕೊಂಡು, ಏನು ಮಾಡಬೇಕೆಂದು ತೋಚದೆ, ಮೆಲ್ಲಗೆ ಕೂತರು. ನಮ್ಮನೆಯವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನೋಡಿ, ಅವರೂ ನಗ್ತಾ ಇದಾರೆ" ಎಂದು ಯಾರೋ ಅಂದರು. ನಾನು ಒರೆಸಲು ಹತ್ತಿರ ಹೋದೆ. ಅದು ನಗುವಿನ ನೀರಲ್ಲ.

ಮರುದಿನದಿಂದ ಕೂದಲು ಏಳಲಿಲ್ಲ. ಕೈ ಮಡಿಲಲ್ಲಿ ಬಿದ್ದಿತ್ತು. ಮೂಗಿನ ಮೇಲೆ ನೊಣ ಕೂತರೂ ಇಲ್ಲ, ಉಪ್ಪಿಟ್ಟು ಇಟ್ಟರೂ ಇಲ್ಲ. ಬೀದಿಯವರು ಒಂದೆರಡು ಸಂಜೆ ಬಂದು, ಆಟ ಇಲ್ಲವೆಂದು ತಿಳಿದು ಹೋದರು. ಕೊಟ್ರೇಶಿ ಬ್ಯಾಟರಿ ಬದಲಿಸಿದ. ಡಾಕ್ಟರು ಬಂದು ಪರೀಕ್ಷೆ ಮಾಡಿ, ಮತ್ತೊಂದು ಸಲ ಲಕ್ವವೇನೂ ಹೊಡೆದಿಲ್ಲ ಎಂದರು. ನನಗೆ ಊಟ ಸೇರದೆ ಹೋಯಿತು. ಮೊದಲು ಕಾಯುವಾಗ ಅವರು ಒಳಗಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಈಗ ಇದ್ದಾರೆಂದು ಗೊತ್ತು. ಇದ್ದೂ ಬಾಗಿಲು ಹಾಕಿಕೊಂಡಿದ್ದಾರೆ.

ಮೇದಿನಿ ಯಂತ್ರವನ್ನೆಲ್ಲ ಬಿಚ್ಚಿ ಕಟ್ಟಿ, ಕೊನೆಗೆ ಅಡುಗೆಮನೆಯ ಮೆಟ್ಟಿಲ ಮೇಲೆ ಬಂದು ಕೂತಳು. "ಯಂತ್ರ ಸರಿಯಾಗಿದೆ ಅಮ್ಮಾ. ಅಪ್ಪಾಜಿನೇ ತಡೀತಾ ಇದಾರೆ. ಏನೂ ಬೇಕು ಅಂದ್ಕೊಳ್ಳದೆ ಇರೋದು ಎಷ್ಟು ಕಷ್ಟ ಗೊತ್ತಾ? ಅಷ್ಟು ಕಷ್ಟಪಟ್ಟು ತಡೀತಾ ಇದಾರೆ."

"ಆ ಬಾಳೆಹಣ್ಣಿನ ನಾಚಿಕೆಗಾ?"

"ಹೂಂ. ನೋಡಿ, ಯಾರಿಗೇ ಆಗ್ಲಿ ಮನಸ್ಸು ಬರೋದಕ್ಕೂ ಕೈ ಏಳೋದಕ್ಕೂ ನಡುವೆ ಒಂದು ಸಣ್ಣ ಸಂದಿ ಇರುತ್ತೆ. ಬೇಡ ಅನ್ಸಿದ್ರೆ ಅಲ್ಲಿ ನಿಲ್ಲಿಸ್ಬಹುದು. ನಾನು ಕೈ ಚುರುಕಾಗ್ಲಿ ಅಂತ ಆ ಸಂದೀನೇ ಮುಚ್ಚಿಬಿಟ್ಟೆ. ಎಷ್ಟು ಬೇಗ ಓಡುತ್ತೆ ಅಂತ ಎಲ್ಲರಿಗೂ ಹೇಳ್ಕೊಂಡು ಬೇರೆ ಬಂದೆ."

"ನಮ್ಮನೆಯವರು ಇಷ್ಟು ವರ್ಷ ಬಾಳಿದ್ದೇ ಆ ಸಂದೀಲಿ ಕಣಮ್ಮ" ಎಂದೆ.

ಉಪ್ಪಿಟ್ಟು ಬೇಡವೆನ್ನಿಸಿದರೂ ತಿಂದದ್ದು, ಅಕ್ಕನ ಮಂಡಿನೋವನ್ನು ಕೂತು ಕೇಳಿದ್ದು, ಹಿರಿಯರ ಭಾಷಣಕ್ಕೆ ಕೈಕಟ್ಟಿ ನಿಂತದ್ದು, ಇವೆಲ್ಲ ಅವರು ಮಾಡಿದ ಕೆಲಸ. ದಿನಾ ಮಾಡಿದ ಕೆಲಸ. ನಾವು ಅವರಿಗೆ ಒಂದು ಕೈ ಕೊಟ್ಟು ಆ ಕೆಲಸವನ್ನು ಕಿತ್ತುಕೊಂಡಿದ್ದೆವು. ಅವರ ಮನಸ್ಸಿನಲ್ಲಿ ಮೊಳೆತದ್ದನ್ನೆಲ್ಲ ಬೀದಿಯಲ್ಲಿ ಹರಾಜು ಹಾಕಿದ್ದೆವು.

ಮೇದಿನಿ ಒಂದು ವಾರ ಕೂತು ಕೈಯನ್ನು ಬದಲಿಸಿದಳು. ಈಗ ಕೂದಲು ಎದ್ದರೆ ಕೈ ಒಮ್ಮೆ ಗುಂಯ್ ಎಂದು ಸಣ್ಣಗೆ ಸದ್ದು ಮಾಡಿ ಕಾಯುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕೂದಲು ಎದ್ದೇ ಇದ್ದರೆ ಮಾತ್ರ ಮುಂದೆ ಹೋಗುತ್ತದೆ. ನಡುವೆ ಬಿದ್ದರೆ ಸದ್ದು ನಿಲ್ಲುತ್ತದೆ, ಕೈ ಇದ್ದಲ್ಲೇ ಇರುತ್ತದೆ. ನಾನು ಬಲೆಯ ಮೇಲೆ ಹಾಕಲು ಒಂದು ಟೊಪ್ಪಿಗೆ ಹೊಲಿದೆ. ನೀಲಿ ಬಟ್ಟೆ, ಒಳಗೆ ಮೆತ್ತನೆಯ ಅಸ್ತರಿ, ಕೂದಲಿಗೆ ಎದ್ದು ಆಡಲು ಒಳಗೆ ಜಾಗ. ಹೊರಗಿನಿಂದ ನನಗೂ ಏನೂ ಕಾಣುವಂತಿರಲಿಲ್ಲ.

ಅದನ್ನು ಹಿಡಿದು ಅವರ ಎದುರಿಗೆ ಕೂತೆ. ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ.

"ರೀ, ನಿಮ್ಮ ಮನಸ್ಸಿಗೆ ಬಂದಿದ್ದನ್ನೆಲ್ಲ ನೋಡಿ ನಕ್ಕುಬಿಟ್ವಿ. ನಾನೂ ನಕ್ಕೆ. ಇನ್ಮೇಲೆ ಈ ಟೊಪ್ಪಿಗೆ ಇರುತ್ತೆ, ಒಳಗಿರೋದು ನಿಮ್ಮದು. ಕೈ ಕೂಡ ಈಗ ಕಾಯುತ್ತೆ, ನೀವು ಬೇಡ ಅಂದ್ರೆ ನಿಲ್ಲುತ್ತೆ. ಬೇಕಾದ್ರೆ ಇಟ್ಕೊಳ್ಳಿ. ಬೇಡ ಅಂದ್ರೆ ಯಂತ್ರಾನ ಅಟ್ಟದ ಮೇಲೆ ಹಾಕಿ ತಲೆ ಬೋಳಿಸಿಬಿಡ್ತೀನಿ. ನಿಮ್ಮ ಜೊತೆ ಗೋಡೆ ನೋಡಿ ಸಂಸಾರ ಮಾಡೋದು ನಂಗೆ ಹೊಸದೇನಲ್ಲ."

ಟೊಪ್ಪಿಗೆ ಹಾಕಿ ಕಾದೆ. ಹೊರಗೆ ತರಕಾರಿ ಗಾಡಿಯವನು ಕೂಗಿ ಹೋದ, ಬೀದಿಯ ಆ ತುದಿಯವರೆಗೆ ಹೋಗಿ ತಿರುಗಿಯೂ ಬಂದ. ಆಗ ಗುಂಯ್ ಎಂದಿತು. ನಿಂತಿತು. ಮತ್ತೆ ಗುಂಯ್ ಎಂದಿತು. ಕೈ ಎದ್ದು ನನ್ನ ಕಡೆಗೆ ಬಂದು, ನನ್ನ ಕೆನ್ನೆಗೆ ಅಂಟಿದ್ದ ನೀಲಿ ದಾರದ ಚೂರನ್ನು ತೆಗೆದು ಕೆಳಗೆ ಹಾಕಿತು. ಅಷ್ಟೇ. ನಾನು ಎದ್ದು ಅಡುಗೆಮನೆಗೆ ಹೋಗಿ, ನೀರು ಕುಡಿಯುವ ನೆವದಲ್ಲಿ ಬಹಳ ಹೊತ್ತು ಅಲ್ಲೇ ನಿಂತೆ.

ಗುರುಸಿದ್ದಪ್ಪನವರಿಗೆ ಹೇಳಿಕಳಿಸಿದೆ. ಒಬ್ಬರೇ ಬಂದರು, ಹೊಸಿಲಲ್ಲೇ, "ಹಣ್ಣು ಏನೂ ತಂದಿಲ್ಲ ಕಣಪ್ಪ ಓಂಕಾರಿ" ಎಂದರು. ಕೈ ಕಾದು, ಎದ್ದು, ಹಣೆಗೆ ಮುಟ್ಟಿ ನಮಸ್ಕಾರ ಮಾಡಿತು. ಅವರು ಕೂತು ಹರ್ನಿಯಾದ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ನಡುನಡುವೆ ಗುಂಯ್ ಎನ್ನುವುದು, ನಿಲ್ಲುವುದು ನನಗೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಕೈ ಮಾತ್ರ ತೊಡೆಯ ಮೇಲೆ ಬಹಳ ಮರ್ಯಾದೆಯಿಂದ ಕೂತಿತ್ತು. "ಏನದು ಸದ್ದು?" ಎಂದು ಅಧ್ಯಕ್ಷರು ಕೇಳಿದರು. "ಯಂತ್ರ ಅಲ್ವಾ, ಉಸಿರಾಡುತ್ತೆ" ಎಂದೆ.

ಕೊಟ್ರೇಶಿ ಈಗ ಅಣ್ಣನ ಜೊತೆ ಇಸ್ಪೀಟು ಆಡುತ್ತಾನೆ. ಸೋಲುತ್ತಾನೆ. ನನಗೂ ಟೊಪ್ಪಿಗೆ ಹೊಲಿದುಕೊಡಿ ಅತ್ತಿಗೆ ಎಂದು ಗೋಗರೆಯುತ್ತಾನೆ. ಬಟ್ಟೆ ಇಲ್ಲ ಎನ್ನುತ್ತೇನೆ.

ಮೊನ್ನೆ ನಮ್ಮ ಬೀದಿಯ ಹೆಂಗಸರು ಬಸ್ಸು ಮಾಡಿಕೊಂಡು ಸಮುದ್ರ ನೋಡಲು ಹೊರಟರು. ಪ್ರತಿ ವರ್ಷ ಹೋಗುತ್ತಾರೆ, ನಾನು ಒಮ್ಮೆಯೂ ಹೋದವಳಲ್ಲ. ಈ ಸಲ ಕೊಟ್ರೇಶಿಯೂ ಅವನ ಹೆಂಡತಿಯೂ, "ನಾವಿರ್ತೀವಿ, ಹೋಗ್ಬನ್ನಿ" ಎಂದು ಒತ್ತಾಯ ಮಾಡಿದರು. ನಮ್ಮನೆಯವರಿಗೆ ಲಕ್ವ ಹೊಡೆದ ಮೇಲೆ ನಾನು ಒಂದು ರಾತ್ರಿಯೂ ಮನೆ ಬಿಟ್ಟು ಇದ್ದಿರಲಿಲ್ಲ. ಬೆಳಿಗ್ಗೆ ಚೀಲ ಹಿಡಿದು ಅವರ ಎದುರಿಗೆ ನಿಂತೆ.

"ರೀ, ಸಮುದ್ರಕ್ಕೆ ಹೋಗ್ಬರ್ಲಾ? ನಾಡಿದ್ದು ಬಂದ್ಬಿಡ್ತೀನಿ."

ಗುಂಯ್ ಎಂದಿತು. ನಿಂತಿತು. ನಾನು ಚೀಲದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮತ್ತೆ ಗುಂಯ್ ಎಂದಿತು, ಈ ಸಲ ಬಹಳ ಹೊತ್ತು, ಇನ್ನೇನು ಎದ್ದೇ ಬಿಟ್ಟಿತು ಎನ್ನುವವರೆಗೆ, ಮತ್ತೆ ನಿಂತಿತು. ಟೊಪ್ಪಿಗೆಯ ಕೆಳಗೆ ಏನು ನಡೆಯುತ್ತಿತ್ತೋ, ಕೈ ನನ್ನ ಸೆರಗು ಹಿಡಿಯಲು ಹೊರಟಿತ್ತೋ, ಬಾಗಿಲು ತೋರಿಸಲು ಹೊರಟಿತ್ತೋ, ನಾನು ಕೇಳಲಿಲ್ಲ. ಬೀದಿಯಲ್ಲಿ ಬಸ್ಸು ಹಾರ್ನ್ ಮಾಡಿತು. ಮೂರನೇ ಸಲ ಕೈ ಎದ್ದಿತು. ಗೋಡೆಯ ಗೂಟದಲ್ಲಿ ತೂಗುಹಾಕಿದ್ದ ನನ್ನ ಛತ್ರಿಯನ್ನು ತೆಗೆದು ಮುಂದೆ ಚಾಚಿತು.

ಬಸ್ಸಿನಲ್ಲಿ ಎದುರುಮನೆಯವಳು ಜಾಗ ಹಿಡಿದಿದ್ದಳು. "ಒಪ್ಪಿದ್ರಾ ನಿಮ್ಮನೆಯವರು?" ಎಂದಳು.

"ಒಪ್ಪಿದ್ರು" ಎಂದೆ, ಕಿಟಕಿಯ ಕಡೆ ತಿರುಗಿ ಕೂತು. "ಸ್ವಲ್ಪ ಯೋಚನೆ ಮಾಡಿ ಒಪ್ಪಿದ್ರು."